ಮಾರ್ಕೆಟ್ ಮಗ್ಗುಲಲ್ಲೇ ಮರದ ಅರಮನೆ: ಅದು ಉಳಿದದ್ದು ಹೇಗೆ, ನಮ್ಮೂರ ಕಂಬದ ಮನೆಗಳು ಉಳಿಯೋದು ಹೇಗೆ?

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ಊರಿನ ಅಂಗಡಿಯವರಿಗೆ ಬೆಂಗಳೂರು ಅಂದರೆ ಮೊದಲು ನೆನಪಿಗೆ ಬರುವುದು ಮಾರ್ಕೆಟ್ಟು. ಬಟ್ಟೆಗೆ ಚಿಕ್ಕಪೇಟೆ, ಪುಸ್ತಕಕ್ಕೆ ಅವೆನ್ಯೂ ರಸ್ತೆ, ಹೂವಿಗೆ ಕೃಷ್ಣರಾಜ ಮಾರುಕಟ್ಟೆ. ಮೈ ಸರಿಯಿಲ್ಲ ಅಂದರೆ ವಿಕ್ಟೋರಿಯಾ ಆಸ್ಪತ್ರೆ, ಹೆರಿಗೆ ಅಂದರೆ ವಾಣಿವಿಲಾಸ. ಕೆಲಸ ಮುಗಿಯಿತೋ, ಚೀಲ ಹೆಗಲಿಗೇರಿಸಿ ಬಸ್ಸು ಹಿಡಿಯುವುದೇ ಅವಸರ. ಹೀಗೆ ವರ್ಷಗಟ್ಟಲೆ ಓಡಾಡಿದವರಲ್ಲಿ ಎಷ್ಟು ಮಂದಿ ಆಸ್ಪತ್ರೆಯ ಎದುರು ಬದಿಗೆ, ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನದ ಪಕ್ಕದ ಗೇಟಿನೊಳಗೆ ಕಾಲಿಟ್ಟಿದ್ದಾರೆ? ಕೇಳಿ ನೋಡಿ. ಹತ್ತು ಮಂದಿಯಲ್ಲಿ ಒಬ್ಬರು 'ಹೋಗಿದ್ದೆ' ಅಂದರೆ ಹೆಚ್ಚು.

ಆ ಗೇಟಿನೊಳಗೆ ತೋಟ, ತೋಟದ ಹಿಂದೆ ಎರಡಂತಸ್ತಿನ ಮರದ ಮನೆ. ಜನ 'ಟಿಪ್ಪು ಅರಮನೆ' ಅನ್ನುತ್ತಾರೆ. ಸರ್ಕಾರಿ ಬೋರ್ಡಿನಲ್ಲಿ ಟಿಪ್ಪು ಸುಲ್ತಾನನ ಅರಮನೆ ಎಂದಿದೆ. ಬೇಸಿಗೆ ಅರಮನೆ ಎಂಬ ಹೆಸರೂ ಉಂಟು. ಹೆಸರು ಕೇಳಿ ಮೈಸೂರಿನ ಅರಮನೆಯಂಥ ಗೋಪುರ, ಗಾಜಿನ ದೀಪದ ಗೊಂಚಲು ಕಲ್ಪಿಸಿಕೊಂಡು ಹೋದವರು 'ಇಷ್ಟೇನಾ?' ಅಂತ ವಾಪಸು ಬರುವುದೂ ಉಂಟು. ಅದು ಕಟ್ಟಡದ ತಪ್ಪಲ್ಲ, ನೋಡುವುದನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ಅರಮನೆ ಎಂಬ ಮಾತನ್ನು ಸ್ವಲ್ಪ ಹೊತ್ತು ಮರೆತು, ಒಂದು ದೊಡ್ಡ ಮನೆ ಅಂತ ನೋಡಿ. ಆಗ ಗೊತ್ತಾಗುತ್ತೆ ಅದರ ಗಮ್ಮತ್ತು. ಅದಕ್ಕಿಂತ ಹೆಚ್ಚಾಗಿ, ನಮ್ಮ ತಾಲ್ಲೂಕುಗಳ ಹಳೇ ಪೇಟೆ ಬೀದಿಯಲ್ಲಿ ಇವತ್ತು ಒಂದೊಂದಾಗಿ ಉರುಳುತ್ತಿರುವ ಕಂಬದ ಮನೆಗಳಿಗೂ ಇದಕ್ಕೂ ಇರುವ ನೆಂಟಸ್ತನ ಗೊತ್ತಾಗುತ್ತೆ.

ದೇವನಹಳ್ಳಿಯಿಂದ ಶುರುವಾದ ಕಥೆ

ಈ ಮನೆಯ ಕಥೆಗೆ ದೇವನಹಳ್ಳಿಯೇ ಮೊದಲ ಅಧ್ಯಾಯ. ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ಅಲ್ಲಿ ಮಣ್ಣಿನ ಕೋಟೆ ಕಟ್ಟಿದನೆಂದು ಇತಿಹಾಸ ಹೇಳುತ್ತದೆ. 1740ರ ದಶಕದ ಕೊನೆಯ ಹೊತ್ತಿಗೆ ಮೈಸೂರಿನ ಸೈನ್ಯ ನಂಜರಾಜಯ್ಯನ ಮುಂದಾಳುತನದಲ್ಲಿ ಆ ಕೋಟೆಗೆ ಮುತ್ತಿಗೆ ಹಾಕಿ ಗೆದ್ದುಕೊಂಡಿತು. ಆ ಮುತ್ತಿಗೆಯಲ್ಲಿ ಎದ್ದು ಕಂಡವನೇ ಹೈದರಾಲಿ. ಅಲ್ಲಿ ತೋರಿಸಿದ ಶೌರ್ಯಕ್ಕೆ ಸಣ್ಣದೊಂದು ಪಡೆಯ ನಾಯಕತ್ವ ಸಿಕ್ಕಿತು. ಅಲ್ಲಿಂದ ಮುಂದೆ ಅವನು ಹಿಂದೆ ತಿರುಗಿ ನೋಡಲಿಲ್ಲ. ಅವನ ಮಗ ಟಿಪ್ಪು ಹುಟ್ಟಿದ್ದೂ ದೇವನಹಳ್ಳಿಯಲ್ಲೇ, 1750ರ ಸುಮಾರಿಗೆ. ಹುಟ್ಟಿದ ಜಾಗದಲ್ಲಿ ಕಂಬಗಳ ಸಣ್ಣದೊಂದು ಕಟ್ಟೆ, ಒಂದು ಶಿಲಾಫಲಕ ಈಗಲೂ ಇವೆ. ಮಣ್ಣಿನ ಕೋಟೆ ಕಲ್ಲಿನ ಕೋಟೆಯಾದದ್ದೂ ಈ ತಂದೆ ಮಕ್ಕಳ ಕಾಲದಲ್ಲೇ.

ಮುಂದೆ ಬೆಂಗಳೂರು ಹೈದರನಿಗೆ ಜಹಗೀರಾಗಿ ಬಂತು. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯ ದಕ್ಷಿಣಕ್ಕೆ ಇದ್ದ ಕೋಟೆಯನ್ನು ಹೈದರ್ 1761ರಲ್ಲಿ ಕಲ್ಲಿನಲ್ಲಿ ಬಲಪಡಿಸಿದ. ಆ ಕೋಟೆಯೊಳಗೆ, ಚಿಕ್ಕದೇವರಾಜ ಒಡೆಯರ ಕಾಲದ ವೆಂಕಟರಮಣಸ್ವಾಮಿ ದೇವಸ್ಥಾನದ ಪಕ್ಕದಲ್ಲೇ, ಅವನು ಶುರು ಮಾಡಿದ್ದು ಈ ಮನೆ. ಮುಗಿಸಿದವನು ಮಗ ಟಿಪ್ಪು, 1791ರಲ್ಲಿ. ಆದರೆ ಆ ವರ್ಷ ನೋಡಿ, ಮನೆ ಮುಗಿದ ವರ್ಷವೇ, ಮಾರ್ಚಿ ತಿಂಗಳಲ್ಲಿ, ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. ಅಲ್ಲಿಂದ ಉತ್ತರಕ್ಕೆ ನಡೆದ ಅದೇ ಸೈನ್ಯಕ್ಕೆ ದೇವನಹಳ್ಳಿ ಕೋಟೆಯೂ ಶರಣಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದ. ಅಂದರೆ ಪೂರ್ತಿಯಾದ ಮನೆ ಅದರ ಒಡೆಯನ ಕೈಯಲ್ಲಿದ್ದದ್ದು ಎಂಟು ವರ್ಷವೂ ತುಂಬಲಿಲ್ಲ. ಒಳಗಿನ ಬರಹದಲ್ಲಿ ಈ ಮನೆಗೆ 'ರಶ್ಕ್-ಎ-ಜನ್ನತ್' ಎಂದು ಹೆಸರಿಟ್ಟಿದ್ದಾರೆ. ಸ್ವರ್ಗಕ್ಕೂ ಹೊಟ್ಟೆಕಿಚ್ಚು ತರಿಸುವಂಥದ್ದು ಎಂದರ್ಥ. ಕಟ್ಟಿಸಿದವನಿಗೆ ಅಲ್ಲಿ ನೆಮ್ಮದಿಯಾಗಿ ಕೂರುವ ಭಾಗ್ಯ ಮಾತ್ರ ಹೆಚ್ಚು ದಿನ ಇರಲಿಲ್ಲ.

ಟಿಪ್ಪುವಿನ ಬಗ್ಗೆ ವಾದ ವಿವಾದ ಎಷ್ಟಾದರೂ ಇರಲಿ. ಉಳಿ ಹಿಡಿದು ಆ ಕಂಬ ಕೆತ್ತಿದ ಬಡಗಿಗೂ, ಗಾರೆ ಬಳಿದ ಗಾರೆಯವನಿಗೂ ಆ ಜಗಳದಲ್ಲಿ ಪಾಲಿಲ್ಲ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ. ಉಳಿದಿರುವುದು ಅವರ ಕೈ ಕೆಲಸ ಮಾತ್ರ. ಈಗ ಅದರ ಹತ್ತಿರ ಹೋಗೋಣ.

ಕಂಬದ ಬುಡದಿಂದ ನೋಡಿ

ದೊಡ್ಡ ಮನೆ ನೋಡುವವರು ಸಾಮಾನ್ಯವಾಗಿ ತಲೆ ಎತ್ತಿ ನೋಡುತ್ತಾರೆ. ಇಲ್ಲಿ ಮೊದಲು ತಲೆ ಬಗ್ಗಿಸಿ ನೋಡಬೇಕು. ತೇಗದ ಕಂಬ ನೇರ ನೆಲಕ್ಕೆ ಊರಿಲ್ಲ. ಅದರ ಕೆಳಗೆ ಕಲ್ಲಿನ ಪೀಠ ಉಂಟು. ಅಂದಕ್ಕೆ ಇಟ್ಟ ಕಲ್ಲಲ್ಲ ಅದು. ಮರದ ಕಡಿದ ತುದಿ ಅಂದರೆ ನೂರಾರು ಸಣ್ಣ ಕೊಳವೆಗಳ ಬಾಯಿ ಇದ್ದ ಹಾಗೆ. ಮಣ್ಣಿಗೆ ತಾಗಿದರೆ ದೀಪದ ಬತ್ತಿ ಎಣ್ಣೆ ಎಳೆದಂತೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಬಂದ ಕಡೆ ಕೊಳೆ ಬರುತ್ತದೆ, ಅದರ ಹಿಂದೆ ಗೆದ್ದಲು. ನಡುವೆ ಒಂದು ಕಲ್ಲು ಇಟ್ಟರೆ ಆ ದಾರಿ ಕಟ್. ಇನ್ನೂರಕ್ಕೂ ಹೆಚ್ಚು ವರ್ಷ ಕಂಬ ನಿಂತಿರುವುದಕ್ಕೆ ಅರ್ಧ ಕಾರಣ ಈ ಕಲ್ಲು.

ಇನ್ನರ್ಧ ಕಾರಣ ತೇಗ. ತೇಗದ ಮರದೊಳಗೆ ಸಹಜವಾಗಿಯೇ ಎಣ್ಣೆಯ ಅಂಶ ಇದೆ; ಗೆದ್ದಲಿಗೆ ಅದು ರುಚಿಸುವುದಿಲ್ಲ. ಒಣಗಿದ ಮೇಲೆ ಹಿಗ್ಗುವುದು, ಕುಗ್ಗುವುದು ಕಡಿಮೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುವ ಮರವಾಗಿದ್ದರೆ ಇಷ್ಟು ಹೊತ್ತಿಗೆ ಸೇರಿಕೆಗಳೆಲ್ಲ ಸಡಿಲವಾಗಿ ಮನೆ ಕೂತುಹೋಗುತ್ತಿತ್ತು.

ಈಗ ಕಂಬದ ಮೈ. ಮೇಲಿಂದ ಕೆಳಗಿನವರೆಗೆ ಉದ್ದುದ್ದ ಗೀರುಗಳನ್ನು ಕೊರೆದು, ಮೇಲೆ ಹೋಗ್ತಾ ಹೋಗ್ತಾ ಸಣ್ಣದಾಗುವಂತೆ ಕೆತ್ತಿದ್ದಾರೆ. ಗೀರಿನ ಒಂದು ಅಂಚಿಗೆ ಬೆಳಕು, ಇನ್ನೊಂದಕ್ಕೆ ನೆರಳು ಬೀಳುವುದರಿಂದ ದಪ್ಪ ಮರವೂ ತೆಳ್ಳಗೆ, ನೀಳವಾಗಿ ಕಾಣುತ್ತದೆ. ಭಾರ ಹೊರುವವನು ಭಾರ ತೋರಿಸಿಕೊಳ್ಳಬಾರದು, ಅದೇ ಇಲ್ಲಿನ ಲೆಕ್ಕ.

ಕಂಬದಿಂದ ಕಂಬಕ್ಕೆ ಕಮಾನುಗಳಿವೆ, ಅಂಚಿನಲ್ಲಿ ಹೂವಿನ ಎಸಳಿನಂತೆ ಬಾಗು ಬಾಗಾಗಿ. ಮೊಗಲರ ಕಾಲದ ಕಲ್ಲಿನ ಕಟ್ಟಡಗಳಲ್ಲಿ ಕಾಣುವ ಅದೇ ಕಮಾನು. ಆದರೆ ಒಂದು ಗುಟ್ಟು. ಕಲ್ಲಿನ ಕಮಾನು ಮೇಲಿನ ಭಾರ ಹೊರುತ್ತದೆ. ಈ ಮರದ ಕಮಾನು ಹೊರುವುದಿಲ್ಲ! ಹಲಗೆ ಕೊರೆದು ಕಂಬಗಳ ನಡುವೆ ಕೂರಿಸಿದ ಅಲಂಕಾರ ಅದು. ನಿಜವಾದ ಭಾರ ಹೋಗುವುದು ಅದರ ಮೇಲೆ ಅಡ್ಡಲಾಗಿ ಮಲಗಿರುವ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಕಲ್ಲಿಗೆ. ದೆಹಲಿ, ಬಿಜಾಪುರದ ಕಡೆಯಿಂದ ಬಂದ ಆಕಾರಕ್ಕೆ ನಮ್ಮ ಬಡಗಿಗಳು ತಮ್ಮ ಹಳೇ ತೊಲೆ ಕಂಬದ ಲೆಕ್ಕವನ್ನೇ ಒಳಗೊಳಗೆ ಹೊಂದಿಸಿಬಿಟ್ಟರು. ಹೊರಗೆ ಸುಲ್ತಾನರ ಕಮಾನು, ಒಳಗೆ ಹಳ್ಳಿ ಮನೆಯ ಕಂಬ ತೊಲೆ.

ಹಳ್ಳಿ ಮನೆಯ ಆ ಲೆಕ್ಕ ಏನು? ಕಂಬದ ನೆತ್ತಿಯ ಮೇಲೆ ಎರಡು ಕಡೆ ಕೈ ಚಾಚಿದ ಹಾಗೆ ಇರುತ್ತದಲ್ಲ, ಅದು ಬೋದಿಗೆ. ಅಲ್ಲಿ ಹೂವು, ಗಿಳಿ ಕೆತ್ತಿರುವುದನ್ನೇ ನೋಡಿ ಜನ ಮೆಚ್ಚುತ್ತಾರೆ. ಅದರ ಕೆಲಸ ಬೇರೆ. ಕಂಬದಿಂದ ಕಂಬಕ್ಕೆ ಹತ್ತು ಅಡಿ ಅಂತರ ಇದೆ ಅನ್ನಿ. ಎರಡೂ ಕಡೆಯ ಬೋದಿಗೆ ಒಂದೊಂದು ಅಡಿ ಮುಂದೆ ಚಾಚಿದರೆ, ತೊಲೆ ಆಸರೆ ಇಲ್ಲದೆ ದಾಟಬೇಕಾದದ್ದು ಎಂಟೇ ಅಡಿ. ತೊಲೆ ಬಾಗುವುದು ಕಡಿಮೆಯಾಯಿತು. ಎರಡು ತೊಲೆ ಸೇರುವ ಜಾಗಕ್ಕೂ ಕೆಳಗೆ ಆಸರೆ ಸಿಕ್ಕಿತು. ಸೇರಿಕೆಗೆ ಕಬ್ಬಿಣದ ಮೊಳೆಯನ್ನೇ ನಂಬಿ ಕೂತವರಲ್ಲ ಆ ಕಾಲದ ಬಡಗಿಗಳು. ಒಂದು ಮರದ ತುದಿಯಲ್ಲಿ ನಾಲಿಗೆ ಬಿಡಿಸಿ, ಇನ್ನೊಂದರಲ್ಲಿ ತೂತು ಕೊರೆದು, ಕೂರಿಸಿ, ಮರದ ಗೂಟ ಹೊಡೆದರೆ ಮುಗಿಯಿತು. ಮೊಳೆಗೆ ತುಕ್ಕು ಹಿಡಿಯುತ್ತದೆ. ಗೂಟ ಮರದ ಜೊತೆಗೇ ಹಿಗ್ಗಿ ಕುಗ್ಗಿ ಹಿಡಿದುಕೊಂಡಿರುತ್ತದೆ. ಗರಗಸ, ಬಾಚಿ, ಉಳಿ, ಕೊಡತಿ, ಇಷ್ಟೇ ಸಾಮಾನು. ಕರೆಂಟಿಲ್ಲ, ಮಿಷನ್ನಿಲ್ಲ.

ಮೇಲಂತಸ್ತಿನ ಮೊಗಸಾಲೆ

ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಮುಂದಕ್ಕೆ ಚಾಚಿದ ಮೊಗಸಾಲೆಗಳಿವೆ. ಒಂದು ಕಡೆಯಲ್ಲ, ಮುಂದೆಯೂ ಹಿಂದೆಯೂ. ಅಲ್ಲಿ ಕೂತು ಕೆಳಗೆ ಸೇರಿದವರ ಅಹವಾಲು ಕೇಳಿ ಟಿಪ್ಪು ದರ್ಬಾರು ನಡೆಸುತ್ತಿದ್ದನೆಂದು ಹೇಳುತ್ತಾರೆ. ಮೂಲೆಗಳಲ್ಲಿ ಸಣ್ಣ ಕೋಣೆಗಳು. ಅವು ಜನಾನದ ಕೋಣೆಗಳೆಂಬ ಮಾತಿದೆ. ಗೋಡೆಯ ಮೇಲೆ, ಸೂರಿನ ಹಲಗೆಯ ಮೇಲೆ ಬಳ್ಳಿ, ಹೂವಿನ ಬಣ್ಣದ ಚಿತ್ತಾರ. ಬಹುಪಾಲು ಮಾಸಿದೆ, ಆದರೂ ಅಲ್ಲಲ್ಲಿ ಕಣ್ಣಿಟ್ಟು ನೋಡಿದರೆ ಕುಂಚದ ಗೆರೆ ಸಿಗುತ್ತದೆ. ಇದೇ ಚಿತ್ತಾರ ಹೊಚ್ಚ ಹೊಸದಾಗಿದ್ದಾಗ ಹೇಗಿತ್ತು ಎಂದು ತಿಳಿಯಬೇಕಾದವರು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು. 1784ರಲ್ಲಿ ಆದ ಆ ಮನೆ ಇದರ ಅಕ್ಕ ಇದ್ದ ಹಾಗೆ. ಅದೂ ತೇಗದ ಕಂಬದ್ದೇ.

ಬೇಸಿಗೆ ಅರಮನೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ ಎಂಬುದು ಏಪ್ರಿಲ್ ಬಿಸಿಲಿನಲ್ಲಿ ಹೋದವರಿಗೆ ಗೊತ್ತಾಗುತ್ತೆ. ರಸ್ತೆಯಲ್ಲಿ ಬಸ್ಸಿನ ಹೊಗೆ, ಧಗೆ. ಒಳಗೆ ಕಂಬದ ಸಾಲಿನಲ್ಲಿ ತಂಪು. ಫ್ಯಾನಿನ ಮಾಯೆಯಲ್ಲ ಅದು. ಎತ್ತರದ ಸೂರು, ಎರಡೂ ಕಡೆ ತೆರೆದ ಮೊಗಸಾಲೆ, ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವ ದಾರಿ. ಬಿಸಿಲು ಮೊಗಸಾಲೆಯ ಅಂಚಿನವರೆಗೆ ಬಂದು ನಿಲ್ಲುತ್ತದೆ. ಒಳ ಗೋಡೆಗೆ ತಾಗುವುದಿಲ್ಲ. ಕಾಂಕ್ರೀಟ್ ಡಬ್ಬದೊಳಗೆ ಕೂತು ಕರೆಂಟ್ ಬಿಲ್ಲು ಕಟ್ಟುವ ಅಂಗಡಿಯವರು ಒಮ್ಮೆ ಇದನ್ನು ಯೋಚಿಸಬಹುದು.

ಗಾರೆ ಅಂದರೆ ಹಿಟ್ಟು ನಾದಿದ ಹಾಗೆ

ಮರದ ಮಾತಾಯಿತು. ಈ ಮನೆಯಲ್ಲಿ ಕಲ್ಲು, ಗಾರೆಯ ಪಾಲೂ ಇದೆ. ಸಿಮೆಂಟು ಆಗಿನ್ನೂ ಹುಟ್ಟಿರಲಿಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ದಿನಗಟ್ಟಲೆ ನೆನೆಸಿ, ಮರಳು ಬೆರೆಸಿ, ಗಾರೆ ಗಾಣದಲ್ಲಿ ಎತ್ತು ಕಟ್ಟಿ ಅರೆಯುತ್ತಿದ್ದ ಕಾಲ ಅದು. ವೃತ್ತಾಕಾರದ ಗುಂಡಿ, ಅದರಲ್ಲಿ ಸುತ್ತುವ ಕಲ್ಲಿನ ಚಕ್ರ. ಗಾರೆ ಬೆಣ್ಣೆಯಾಗುವವರೆಗೆ ಬಿಡುತ್ತಿರಲಿಲ್ಲ. ಒಳ್ಳೆ ಕೆಲಸಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ಪದ್ಧತಿ ನಮ್ಮ ಸೀಮೆಯಲ್ಲೆಲ್ಲ ಇತ್ತು.

ಅಂಥ ಹಳೇ ಮನೆಗಳ ತಾರಸಿಯೂ ಹಾಗೇ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರಿನ ಗಾರೆ. ಹೆಣ್ಣಾಳುಗಳು ಸಾಲಾಗಿ ಕೂತು, ಮರದ ಕೊಡತಿಯಿಂದ ಹಗಲೆಲ್ಲ ತಟ್ಟುತ್ತಿದ್ದರು, ಹಾಡು ಹೇಳಿಕೊಂಡು. ತಟ್ಟಿದಷ್ಟೂ ಒಳಗಿನ ಗಾಳಿ ಹೊರಟು ಗಟ್ಟಿ. ಮಳೆ ನೀರು ಇಳಿಯದ ಹಾಗೆ ಮಾಡುತ್ತಿದ್ದದ್ದು ಆ ಕೈಗಳು.

ಸುಣ್ಣದ ಗಾರೆಯ ಗುಣ ಒಂದು ಉಂಟು, ಅದನ್ನು ಹಳೇ ಮನೆ ಇರುವವರೆಲ್ಲ ತಿಳಿದಿರಬೇಕು. ಅದು ನಿಧಾನವಾಗಿ, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಆದರೂ ಅದರ ಮೈಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ಗೋಡೆಗೆ ಏರಿದ ತೇವ ಆ ರಂಧ್ರದಿಂದ ಹೊರಗೆ ಆರಿಹೋಗುತ್ತದೆ. 'ಗೋಡೆ ಉಸಿರಾಡುತ್ತೆ' ಅಂತಾರಲ್ಲ, ಅದು ಇದೇ. ಇಂಥ ಗೋಡೆಗೆ 'ಗಟ್ಟಿಯಾಗಲಿ' ಅಂತ ಮೇಲೆ ಸಿಮೆಂಟ್ ಬಳಿದರೆ ಏನಾಗುತ್ತೆ? ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಎರಡು ಮಳೆಗಾಲಕ್ಕೆ ಸಿಮೆಂಟು ಹಪ್ಪಳದಂತೆ ಎದ್ದು ಬರುತ್ತದೆ, ಬರುವಾಗ ಹಳೇ ಗಾರೆಯನ್ನೂ ಕಿತ್ತುಕೊಂಡು ಬರುತ್ತದೆ. ಗೋಡೆಯೊಳಗೆ ಸೇರಿಸಿದ ತೊಲೆಯ ತುದಿ ಕೊಳೆಯಲು ಶುರುವಾಗುವುದೂ ಆಗಲೇ. ಆಮೇಲೆ ಮನೆಯವರು ಹೇಳುವುದು, 'ಹಳೇ ಮನೆ ಸ್ವಾಮಿ, ಶಿಥಿಲ ಆಗಿದೆ' ಅಂತ. ಶಿಥಿಲ ಮಾಡಿದ್ದು ವಯಸ್ಸಲ್ಲ, ರಿಪೇರಿ.

ಒಂದು ಹೋಯಿತು, ಒಂದು ಉಳಿಯಿತು

ಈಗ ಮುಖ್ಯವಾದ ಪ್ರಶ್ನೆ. ಯುದ್ಧದಲ್ಲಿ ಸೋತ ಒಡೆಯನ ಮನೆ ಉಳಿದದ್ದು ಹೇಗೆ? ಬೆಂಗಳೂರು ಕೋಟೆಯ ಗತಿ ನೋಡಿ. ಕಲ್ಲಿನ ಕೋಟೆ! ಇವತ್ತು ಉಳಿದಿರುವುದು ಮಾರ್ಕೆಟ್ ಹತ್ತಿರದ ಒಂದು ಬಾಗಿಲು, ಒಂದಿಷ್ಟು ಗೋಡೆ. ಉಳಿದದ್ದೆಲ್ಲ ರಸ್ತೆ, ಆಸ್ಪತ್ರೆ, ಶಾಲೆಗಳ ಕೆಳಗೆ ಹೋಯಿತು. 2012ರಲ್ಲಿ ಮೆಟ್ರೊ ಕೆಲಸಕ್ಕೆ ಅಗೆದಾಗ ಅಲ್ಲಿ ಕಬ್ಬಿಣದ ಹಳೇ ಫಿರಂಗಿಗಳು ಸಿಕ್ಕಿದವು. ಕಲ್ಲು ಹೋಯಿತು, ಮರ ಉಳಿಯಿತು ಅಂದರೆ ವಿಚಿತ್ರವಲ್ಲವೇ?

ಶ್ರೀರಂಗಪಟ್ಟಣದಲ್ಲಿ ನಡೆದದ್ದು ಇನ್ನೊಂದು ರೀತಿ. ಟಿಪ್ಪು ವಾಸವಿದ್ದ ದೊಡ್ಡ ಅರಮನೆ ಲಾಲ್ ಮಹಲ್ ಇದ್ದದ್ದು ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರವೇ. ಅವನು ಸತ್ತ ಕೆಲವೇ ವರ್ಷಗಳಲ್ಲಿ ಇಂಗ್ಲಿಷರು ಅದನ್ನು ಕೆಡವಿಸಿದರು. ಈಗ ಹೋದರೆ ಕಾಣುವುದು ಅಡಿಪಾಯದ ಗುರುತು ಮಾತ್ರ. ಶ್ರೀರಂಗಪಟ್ಟಣದ ಅರಮನೆಯ ಮರವನ್ನೇ ಬೆಟ್ಟ ಹತ್ತಿಸಿ ಊಟಿಗೆ ಒಯ್ದು, 1830ರ ಹೊತ್ತಿಗೆ ಅಲ್ಲಿ ಕಟ್ಟಿದ ಸಂತ ಸ್ಟೀಫನ್ ಚರ್ಚಿಗೆ ತೊಲೆ ಮಾಡಿದರು. ಆ ತೊಲೆ ಈಗಲೂ ಆ ಚರ್ಚನ್ನು ಹೊತ್ತಿದೆ. ಮರ ಉಳಿಯಿತು, ಮನೆ ಹೋಯಿತು. ಒಳ್ಳೆ ಮರಕ್ಕೆ ಯಾವ ಕಾಲದಲ್ಲೂ ಗಿರಾಕಿ ಇದ್ದೇ ಇರುತ್ತಾರೆ, ಇದನ್ನು ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಾಗಿಲ್ಲ.

ಬೆಂಗಳೂರಿನ ಮನೆಗೂ ಅದೇ ಗತಿ ಬರಬಹುದಿತ್ತು. ಬರಲಿಲ್ಲ. ಕಾರಣ ಬಹಳ ಸಾದಾ. 1831ರಲ್ಲಿ ಮೈಸೂರಿನ ಆಡಳಿತವನ್ನು ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಂಡಾಗ ಕಚೇರಿಗೆ ಜಾಗ ಬೇಕಾಯಿತು. ಈ ಮರದ ಮನೆಗೆ ಮೇಜು, ಕುರ್ಚಿ, ದಫ್ತರು ಬಂದವು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಆಡಳಿತ ನಡೆದದ್ದು ಇಲ್ಲಿಂದಲೇ. 1868ರಲ್ಲಿ ಅಠಾರಾ ಕಚೇರಿ ಕಟ್ಟಿ ಮುಗಿದ ಮೇಲೆ ಕಚೇರಿಗಳು ಅಲ್ಲಿಗೆ ಹೋದವು. ಅಲ್ಲಿಯವರೆಗೆ 37 ವರ್ಷ ಈ ಮನೆಯಲ್ಲಿ ಗುಮಾಸ್ತರು ಕೂತು ಬರೆದರು. ಅವರೇನು ಕಲೆಯನ್ನು ಕಾಪಾಡಬೇಕೆಂದು ಕೂತವರಲ್ಲ. ಆದರೆ ದಫ್ತರು ನೆನೆಯಬಾರದಲ್ಲ! ಸೂರು ಸೋರಿದರೆ ಆ ವರ್ಷವೇ ರಿಪೇರಿ. ಬಾಗಿಲು ಮುರಿದರೆ ಬಡಗಿಗೆ ಕರೆ. ದಿನಾ ಕಸ ಗುಡಿಸುವವರು, ಕಿಟಕಿ ತೆಗೆಯುವವರು, ಹಾಕುವವರು ಇದ್ದರು. ಅಷ್ಟೇ ಸಾಕಾಯಿತು.

ಆಮೇಲೆ ಕಚೇರಿ ಹೋದ ಅಠಾರಾ ಕಚೇರಿಯದೂ ಅದೇ ಪಾಠ. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಿತ್ತು. ಜನ ವಿರೋಧಿಸಿದರು, ಕಟ್ಟಡ ಉಳಿಯಿತು. ಇವತ್ತಿಗೂ ಅಲ್ಲಿ ಹೈಕೋರ್ಟು ಕೂರುತ್ತದೆ. ಕೆಲಸಕ್ಕೆ ಬರುತ್ತಿರುವ ಕಟ್ಟಡದ ಪರವಾಗಿ ವಾದಿಸುವುದು ಸುಲಭ. ಬೀಗ ಹಾಕಿದ ಕಟ್ಟಡದ ಪರವಾಗಿ ಮಾತಾಡುವವರು ಯಾರು?

ಮನೆಯನ್ನು ಉಳಿಸುವುದು ಮನುಷ್ಯನ ಓಡಾಟ. ಮರದ ಅರಮನೆ ಹೇಳುವ ಪಾಠ ಇದೊಂದೇ.

ನಮ್ಮ ಪೇಟೆ ಬೀದಿಗಳಲ್ಲಿ

ಈ ಪಾಠವನ್ನು ಹಿಡಿದುಕೊಂಡು ಊರಿಗೆ ವಾಪಸು ಬನ್ನಿ. ದೇವನಹಳ್ಳಿ ಕೋಟೆಯೊಳಗೆ ಇವತ್ತಿಗೂ ಜನ ವಾಸ ಇದ್ದಾರೆ. ವೇಣುಗೋಪಾಲಸ್ವಾಮಿ ದೇವಸ್ಥಾನದ ಸುತ್ತಿನ ಬೀದಿಗಳಲ್ಲಿ ಸಂಸಾರ ನಡೆಯುತ್ತಿದೆ. ಟಿಪ್ಪುವಿಗೂ, ಅವನ ನಂತರ ಮೈಸೂರು ಒಡೆಯರಿಗೂ ದಿವಾನರಾಗಿದ್ದ ಪೂರ್ಣಯ್ಯನವರದು ಎಂದು ತೋರಿಸುವ ಮನೆಯೂ ಕೋಟೆಯೊಳಗೇ ಉಂಟು. ವಿಮಾನ ನಿಲ್ದಾಣಕ್ಕೆ ಓಡುವ ಕಾರುಗಳಲ್ಲಿ ಅಲ್ಲಿಗೆ ತಿರುಗುವವು ಎಷ್ಟು?

ಕೋಟೆಯ ಹೊರಗೂ ಅಷ್ಟೆ. ನಾಲ್ಕೂ ತಾಲ್ಲೂಕಿನ ಹಳೇ ಬೀದಿಗಳಲ್ಲಿ ಮುಂದೆ ಜಗಲಿ, ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಕಂಬ ಇರುವ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅವು ಅರಮನೆಗಳಲ್ಲ, ವರ್ತಕರ, ಶ್ಯಾನುಭೋಗರ, ಪಟೇಲರ ಮನೆಗಳು. ದೊಡ್ಡಬಳ್ಳಾಪುರದ ಕಡೆ ಮಗ್ಗದ ಸದ್ದು ಕೇಳುವ ಮನೆಗಳೂ ಉಂಟು. ಆದರೆ ಲೆಕ್ಕ ಅದೇ. ಕಂಬದ ಕೆಳಗೆ ಕಲ್ಲು, ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತೆ. ತೊಟ್ಟಿಯಿಂದ ಬೆಳಕು, ಗಾಳಿ. ಬಿದ್ದ ಮಳೆ ನೀರು ಮೋರಿಯಿಂದ ಹೊರಕ್ಕೆ. ಜಗಲಿ ಅಂದರೆ ಅರ್ಧ ಮನೆ, ಅರ್ಧ ಅಂಗಡಿ. ಬಿಸಿಲಿಗೆ ಬಂದವರು ಕೂರುವ ಜಾಗ, ವ್ಯಾಪಾರ ಕುದುರುವ ಜಾಗ. ಸುಲ್ತಾನನ ಮನೆಯಲ್ಲಿ ಮೊಗಸಾಲೆ ಮೇಲೆ ಹೋಯಿತು, ಪೇಟೆಯ ಮನೆಯಲ್ಲಿ ಜಗಲಿಯಾಗಿ ರಸ್ತೆಗೆ ಇಳಿಯಿತು.

ಇವು ಹೇಗೆ ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಹಿರಿಯರು ತೀರಿಕೊಳ್ಳುತ್ತಾರೆ. ಮಕ್ಕಳು ಬೆಂಗಳೂರು ಸೇರುತ್ತಾರೆ. ಮನೆಗೆ ಬೀಗ ಬೀಳುತ್ತದೆ. ಮೊದಲ ಮಳೆಗೆ ಒಂದು ಹೆಂಚು ಜಾರುತ್ತದೆ, ಎರಡನೇ ಮಳೆಗೆ ಜಂತೆ ನೆನೆಯುತ್ತದೆ, ನಾಲ್ಕನೇ ಮಳೆಗೆ ತಾರಸಿಯಲ್ಲಿ ಆಲದ ಸಸಿ. ಅಣ್ಣ ತಮ್ಮಂದಿರಲ್ಲಿ ಪಾಲಿನ ತಕರಾರು, ರಿಪೇರಿ ಯಾರು ಮಾಡಿಸಬೇಕೆಂಬ ಜಗಳ. ಅಷ್ಟರಲ್ಲಿ ಯಾರೋ ಒಬ್ಬರು ಬಂದು ಕಂಬಕ್ಕೆ ರೇಟು ಹೇಳುತ್ತಾರೆ. ಕಂಬ, ಬಾಗಿಲ ವಾಡೆ, ಬೋದಿಗೆ ಲಾರಿ ಹತ್ತಿ ಹೋಗುತ್ತವೆ, ಯಾವುದೋ ರೆಸಾರ್ಟಿನ, ಹೋಟೆಲಿನ ಅಲಂಕಾರಕ್ಕೆ. ಶ್ರೀರಂಗಪಟ್ಟಣದ ತೊಲೆ ಊಟಿಗೆ ಹೋದ ಹಾಗೇ. ಉಳಿದ ಗೋಡೆಯನ್ನು ಜೆಸಿಬಿ ಒಂದೇ ದಿನಕ್ಕೆ ಮುಗಿಸುತ್ತದೆ.

ಮಾರುವವರನ್ನು ಬೈದು ಪ್ರಯೋಜನ ಇಲ್ಲ. ಜಾಗದ ಬೆಲೆ ಏರಿದೆ, ಮಗಳ ಮದುವೆ ಇದೆ, ಮಗನ ಓದು ಇದೆ. ಆದರೆ ಮಾರುವ ಮುನ್ನ ಏನು ಮಾರುತ್ತಿದ್ದೇವೆ ಅನ್ನುವುದು ತಿಳಿದಿರಬೇಕು. ಬಿಡಿ ಕಂಬಕ್ಕೆ ಸಿಗುವುದು ಮರದ ಬೆಲೆ. ನಿಂತ ಕಂಬಕ್ಕೆ ಇರುವುದು ಮನೆಯ ಬೆಲೆ.

ಕೆಡವುವ ಮುನ್ನ ನಾಲ್ಕು ಮಾತು

ಒಂದು: ಮೊದಲು ಸೂರು ನೋಡಿ. ಹಳೇ ಮನೆಗೆ ಬರುವ ನೂರು ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಬೇರು ನೀರು. ಜೂನಿಗೆ ಮುಂಚೆ ಹೆಂಚು ಸರಿಪಡಿಸಿ, ತಾರಸಿಯ ಗಿಡ ಬೇರು ಸಹಿತ ತೆಗೆದು, ನೀರು ಹೋಗುವ ಕೊಳವೆಯ ಕಸ ಬಳಿದರೆ ಅರ್ಧ ಮನೆ ಉಳಿದ ಹಾಗೆ. ಇದಕ್ಕೆ ಇಂಜಿನಿಯರ್ ಬೇಕಿಲ್ಲ, ಏಣಿ ಸಾಕು.

ಎರಡು: ಸುಣ್ಣದ ಗೋಡೆಗೆ ಸುಣ್ಣವೇ ಮದ್ದು. ಗಾರೆ ಗೊತ್ತಿರುವ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ ನಿಜ, ಆದರೆ ಮುಗಿದುಹೋಗಿಲ್ಲ. ಕಂಬದ ಬುಡದ ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಡಿ; ಕಲ್ಲು ಇಟ್ಟು ಹಿರಿಯರು ಮಾಡಿದ ಉಪಕಾರವನ್ನು ಅದು ಹಾಳು ಮಾಡುತ್ತದೆ. ಬುಡ ಕೊಳೆತಿದ್ದರೆ ಆ ತುಂಡನ್ನಷ್ಟೇ ಕತ್ತರಿಸಿ ಹೊಸ ಮರ ಜೋಡಿಸುವುದು ಬಲ್ಲ ಬಡಗಿಗೆ ದೊಡ್ಡ ಕೆಲಸವಲ್ಲ. ಒಂದು ಹಲ್ಲು ಹುಳುಕಾಯಿತೆಂದು ಎಲ್ಲ ಹಲ್ಲು ಕೀಳಿಸುವವರುಂಟೇ?

ಮೂರು: ಮನೆಗೆ ಕೆಲಸ ಕೊಡಿ. ವಾಸ ಮಾಡಲು ಯಾರೂ ಇಲ್ಲವೆಂದರೆ ಮುಂಭಾಗದಲ್ಲಿ ಅಂಗಡಿ, ಟೈಲರಿಂಗ್, ದವಾಖಾನೆ, ಟ್ಯೂಷನ್ ಏನಾದರೂ ಆಗಬಹುದು. ಕುಪ್ಪಳಿಯಲ್ಲಿ ಕುವೆಂಪು ಅವರ ಮೂರಂತಸ್ತಿನ ತೊಟ್ಟಿಮನೆಯನ್ನು ದುರಸ್ತಿ ಮಾಡಿ ನೋಡುವ ಜಾಗ ಮಾಡಿದ್ದರಿಂದ ಅದಕ್ಕೆ ಈಗ ದಿನಾ ಜನ. ಇಲ್ಲೇ ಪಕ್ಕದಲ್ಲಿ, ನಂದಿ ಬೆಟ್ಟದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯೂ ಹಾಗೇ ಉಳಿದಿದೆ. ಎಲ್ಲ ಮನೆಯಲ್ಲೂ ಮಹಾಪುರುಷರು ಹುಟ್ಟಿರುವುದಿಲ್ಲ, ಒಪ್ಪೋಣ. ಬೆಳಿಗ್ಗೆ ಬಾಗಿಲು ತೆಗೆದು ಸಂಜೆ ಹಾಕುವ ಒಬ್ಬರು ಇದ್ದರೂ ಸಾಕು.

ನಾಲ್ಕು: ಕಾನೂನು ತಿಳಿದುಕೊಳ್ಳಿ. ಬೆಂಗಳೂರಿನ ಮರದ ಅರಮನೆ, ದೇವನಹಳ್ಳಿಯ ಕೋಟೆ, ಟಿಪ್ಪು ಹುಟ್ಟಿದ ಜಾಗ ಇವು ಕೇಂದ್ರದ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ. 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕೂಡದು; ಅಲ್ಲಿಂದಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಮೊದಲೇ ಇರುವ ಮನೆಯ ದುರಸ್ತಿಗೆ ಅವಕಾಶ ಇದೆ, ಅದಕ್ಕೂ ಅನುಮತಿ ಪಡೆಯಬೇಕು. ಕೋಟೆಯೊಳಗೆ ಬದುಕುವವರಿಗೆ ಈ ಓಡಾಟ ಕಷ್ಟವೇ. ಹಳೇ ಮನೆ ಸೋರುತ್ತಿದ್ದರೆ ಅರ್ಜಿ ಹಿಡಿದು ಅಲೆಯುವ ತನಕ ಮಳೆ ಕಾಯುವುದಿಲ್ಲ. ರಿಪೇರಿಯ ಅನುಮತಿ ಬೇಗ ಸಿಗುವಂತಾದರೆ ಕಲ್ಲಿನ ಗೋಡೆಯ ಜೊತೆಗೆ ಅದರೊಳಗಿನ ಮನೆಗಳೂ ಉಳಿದಾವು. ಇನ್ನು ಪೇಟೆ ಬೀದಿಯ ಸಾಮಾನ್ಯ ಕಂಬದ ಮನೆಗೆ ಇಂಥ ರಕ್ಷಣೆಯೂ ಇಲ್ಲ, ನಿರ್ಬಂಧವೂ ಇಲ್ಲ. ಅದರ ಭವಿಷ್ಯ ಪೂರ್ತಿ ಮನೆಯವರ ಕೈಯಲ್ಲಿದೆ.

ಇಷ್ಟಾದರೂ ಕೆಡವಲೇಬೇಕಾಗಿ ಬಂದರೆ ಒಂದು ಉಪಕಾರ ಮಾಡಬಹುದು. ಮೊದಲು ಟೇಪು ಹಿಡಿದು ಅಳತೆ ತೆಗೆಯಿರಿ. ತೊಟ್ಟಿ ಎಷ್ಟಗಲ, ಕಂಬ ಎಷ್ಟೆತ್ತರ, ತೊಲೆ ಎಷ್ಟು ದಪ್ಪ, ಬೋದಿಗೆ ಎಷ್ಟು ಚಾಚಿದೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮನೆಯಲ್ಲಿ ಓದುವ ಹುಡುಗರಿದ್ದರೆ ಫೋನಿನಲ್ಲಿ ಎಲ್ಲ ಮೂಲೆಯ ಫೋಟೋ ತೆಗೆಯಲಿ. ಕಟ್ಟಿದವರ ಹೆಸರು ಅಜ್ಜಿಗೆ ಗೊತ್ತಿದ್ದರೆ ಕೇಳಿ ಬರೆದುಕೊಳ್ಳಲಿ.

ಮುಂದಿನ ಸಲ ಮಾರ್ಕೆಟ್ಟಿಗೆ ಹೋದಾಗ ಅರ್ಧ ಗಂಟೆ ಮಿಗಿಸಿಕೊಳ್ಳಿ. 2017ರಿಂದ ಮೆಟ್ರೊ ಕೂಡ ಅಲ್ಲೇ ನಿಲ್ಲುತ್ತದೆ, ದಾರಿ ತಪ್ಪುವ ಮಾತಿಲ್ಲ. ದೊಡ್ಡವರಿಗೆ ಟಿಕೆಟ್ ಉಂಟು, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕಿರೀಟ, ಕತ್ತಿ ಹುಡುಕಬೇಡಿ. ಕಂಬದ ಬುಡದ ಕಲ್ಲು ನೋಡಿ, ಕಮಾನಿನ ಹಲಗೆ ಎಲ್ಲಿ ಮುಗಿದು ತೊಲೆ ಎಲ್ಲಿ ಶುರುವಾಗುತ್ತೆ ನೋಡಿ, ಮೊಗಸಾಲೆಯಲ್ಲಿ ನಿಂತು ಗಾಳಿ ಯಾವ ಕಡೆಯಿಂದ ಬರುತ್ತೆ ನೋಡಿ. ಇಷ್ಟು ನೋಡಿದವರು ಊರಿಗೆ ಬಂದು ತಮ್ಮ ಅಜ್ಜನ ಮನೆಯ ಬೀಗ ತೆಗೆದಾಗ, ಸೂರಿನ ಕಡೆ ಒಮ್ಮೆ ಕತ್ತೆತ್ತಿ ನೋಡದೆ ಇರಲಾರರು.